ಕೀಲಿಯ ಮೇಲೆ ಹೊರಿಸಿದ ಹೊಣೆ

ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಮಸ್ಕಿಯಾಗಲಿ, ಸೈಕಲ್ ಕಳೆದುಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಕೀಲಿ ಹಾಕಿದ್ದಿ ಇಲ್ಲೋ?’ ಮನೆಯವರು ಕೇಳುತ್ತಾರೆ, ಪಕ್ಕದ ಅಂಗಡಿಯವರು ಕೇಳುತ್ತಾರೆ, ಠಾಣೆಗೆ ಹೋದರೆ ಅಲ್ಲಿಯೂ ಕೇಳುತ್ತಾರೆ. ಹಾಕಿರಲಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು, ತಪ್ಪು ಕಳಕೊಂಡವರದೇ. ಹಾಕಿದ್ದೆ ಎಂದರೆ ಎರಡನೆಯ ಪ್ರಶ್ನೆ ಕಾದಿರುತ್ತದೆ: ‘ಚಲೋ ಕೀಲಿ ತಗೋಬೇಕಿತ್ತಲ್ಲ?’ ಈ ಎರಡು ಪ್ರಶ್ನೆಗಳ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಸೈಕಲ್ ಕಾಯುವುದು ಸೈಕಲ್ಲಿನವರ ಸ್ವಂತ ಕೆಲಸ, ಕಾಯುವ ಉಪಾಯ ಕೀಲಿ, ಒಂದು ಕೀಲಿ ಸೋತರೆ ಅದಕ್ಕಿಂತ ದೊಡ್ಡ ಕೀಲಿ ಎಂಬ ನಂಬಿಕೆ ಅದು. ಇದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ. ನಿಲ್ಲಿಸಿದ ಸೈಕಲ್ಲನ್ನು ಉಳಿಸುವುದು ಅದು ನಿಂತ ಜಾಗ, ಆ ಜಾಗದ ಮೇಲಿರುವ ಕಣ್ಣು, ಕಳುವಾದರೆ ಹುಡುಕಿಕೊಡುವ ಕಾನೂನು. ಈ ಮೂರರಲ್ಲಿ ಯಾವುದೂ ಸೈಕಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ವಸ್ತುವಲ್ಲ. ನಗರಸಭೆ, ಪುರಸಭೆ, ಸಾರಿಗೆ ಸಂಸ್ಥೆ, ಶಾಲೆ, ಪೊಲೀಸ್ ಠಾಣೆ ಇವುಗಳೇ ಅದನ್ನು ಕೊಡಬೇಕು. ಕೊಡಬೇಕಾದವರು ಕೊಡದಿದ್ದಾಗ, ಕೀಲಿಯ ಬಗೆಗಿನ ಆ ಪ್ರಶ್ನೆ ಅವರ ಪಾಲಿನ ಹೊಣೆಯನ್ನು ಎತ್ತಿ ಬಡವರ ತಲೆಯ ಮೇಲೆ ಇಡುತ್ತದೆ.

ಮೊದಲು ಆ ಕೀಲಿಯನ್ನೇ ನೋಡೋಣ. ನಮ್ಮ ಕಡೆ ಓಡಾಡುವ ಹೆಚ್ಚಿನ ಸೈಕಲ್ಲುಗಳಿಗೆ ಸೀಟಿನ ಕೆಳಗೆ, ಹಿಂದಿನ ಗಾಲಿಯನ್ನು ಬಳಸಿ ಕೂತ ದುಂಡನೆಯ ಲಾಕು ಇರುತ್ತದೆ. ಫ್ರೇಮಿಗೆ ಅದನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಒತ್ತಿದರೆ ಒಂದು ಕಬ್ಬಿಣದ ಸರಳು ಗಾಲಿಯ ಕಡ್ಡಿಗಳ ನಡುವೆ ತೂರಿ ಆಚೆ ಬದಿಗೆ ಸಿಕ್ಕಿಕೊಳ್ಳುತ್ತದೆ, ಗಾಲಿ ತಿರುಗುವುದು ನಿಲ್ಲುತ್ತದೆ. ಅದರ ಕೆಲಸ ಅಷ್ಟಕ್ಕೇ ಮುಗಿಯಿತು. ಅದು ಸೈಕಲ್ಲನ್ನು ಸೈಕಲ್ಲಿಗೇ ಕಟ್ಟುತ್ತದೆ, ನೆಲಕ್ಕೂ ಗೋಡೆಗೂ ಕಂಬಕ್ಕೂ ಕಟ್ಟುವುದಿಲ್ಲ. 20 ಕಿಲೋ ಆಸುಪಾಸಿನ ಗಾಡಿಯನ್ನು ಕ್ಯಾರಿಯರ್ ಹಿಡಿದೆತ್ತಿ, ಮುಂದಿನ ಗಾಲಿಯ ಮೇಲೆ ತಳ್ಳಿಕೊಂಡು ಹೋಗುವವನನ್ನು ಕಂಡವರು ಪಾಪ, ಕೀಲಿಕೈ ಕಳೆದುಕೊಂಡಿರಬೇಕು ಎಂದುಕೊಳ್ಳುತ್ತಾರೆ. ಟಂಟಂನಲ್ಲೋ ಟ್ರ್ಯಾಕ್ಟರಿನ ಟ್ರೇಲರಿನಲ್ಲೋ ಹೇರಿಕೊಂಡು ಹೋದರೆ ಆ ಅನುಮಾನವೂ ಬರುವುದಿಲ್ಲ. ಇನ್ನು ಒಳಗಿನ ಕರಾಮತ್ತು ತಗಡಿನ ಚಿಪ್ಪು, ಒಂದು ಸ್ಪ್ರಿಂಗು, ಬೆರಳೆಣಿಕೆಯ ಹಲ್ಲುಗಳ ಕೀಲಿಕೈ ಇಷ್ಟೇ. ಅಗ್ಗದ ಲಾಕುಗಳಲ್ಲಿ ಹಲ್ಲುಗಳ ಜೋಡಣೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಒಂದು ಸೈಕಲ್ಲಿನ ಕೀಲಿಕೈ ಇನ್ನೊಂದಕ್ಕೆ ಹತ್ತುವುದು ಶಾಲೆಯ ಹುಡುಗರಿಗೂ ಗೊತ್ತಿರುವ ಸಂಗತಿ. ನಮ್ಮ ಎರೆಮಣ್ಣಿನ ದೂಳು, ಮಳೆಗಾಲದ ತುಕ್ಕು ಸೇರಿದರೆ ಲಾಕು ಅಲುಗಿಸಿದರೆ ಬಿಚ್ಚುವಷ್ಟು ಸಡಿಲವಾಗುತ್ತದೆ, ಇಲ್ಲವೇ ತನ್ನ ಕೀಲಿಕೈಗೂ ಜಗ್ಗದಷ್ಟು ಬಿಗಿಯುತ್ತದೆ. ಯಾರೋ ಕಡ್ಡಿ ತುರುಕಿ ಕೆಡಿಸಿದ ಲಾಕನ್ನು ಸೈಕಲ್ ಶಾಪಿನವರು ಒಂದು ಸ್ಕ್ರೂ ಡ್ರೈವರ್, ಒಂದು ಸುತ್ತಿಗೆ ಹಿಡಿದು ಎಷ್ಟು ಹೊತ್ತಿನಲ್ಲಿ ತೆಗೆದುಕೊಡುತ್ತಾರೆ ಎಂಬುದನ್ನು ಗಮನಿಸಿದವರಿಗೆ ಈ ಕೀಲಿಯ ಬಲ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಅಂಗಡಿಯವರಿಗೆ ಬೇಕಾದಷ್ಟೇ ಹೊತ್ತು ಕಳ್ಳನಿಗೂ ಸಾಕು. ಅವನಿಗೆ ಬೇಕಾದದ್ದು ಯಾರೂ ತಡೆದು ಕೇಳದ ಒಂದು ಜಾಗ.

ಹಾಗಾದರೆ ಗಟ್ಟಿ ಕೀಲಿ ಕೊಳ್ಳಲಿ ಎನ್ನುವವರಿದ್ದಾರೆ. ಈ ಸಲಹೆಯನ್ನು ಕೊನೆಯವರೆಗೆ ಒಯ್ದು ನೋಡಬೇಕು. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಲಾಕುಗಳು ನೋಡಲು ದಪ್ಪ, ಒಳಗಿರುವುದು ತೆಳು ತಂತಿಗಳ ಹುರಿ. ತಂತಿ ಕತ್ತರಿಸುವ ಕಟರಿಗೆ ಅದು ದೊಡ್ಡ ಕೆಲಸವಲ್ಲ. ಅದಕ್ಕಿಂತ ಮೇಲಿನವು ಗಟ್ಟಿ ಉಕ್ಕಿನ ಚೈನು ಮತ್ತು ಯು ಆಕಾರದ ಲಾಕು. ಅಂಥ ಲಾಕುಗಳಿಗೇ ಹೆಸರಾದ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಮಾದರಿಗಳ ದುಂಡು ಕೀಲಿತೂತಿಗೆ ಸಾದಾ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ಒತ್ತಿ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು 2004ರಲ್ಲಿ ಬಯಲಾಯಿತು, ಕಂಪನಿ ಲಕ್ಷಗಟ್ಟಲೆ ಲಾಕುಗಳನ್ನು ಬದಲಿಸಿಕೊಡಬೇಕಾಯಿತು. ಶ್ರೀಮಂತ ದೇಶದ, ಹೆಸರಾಂತ ಕೀಲಿಯ ಕಥೆಯೇ ಹೀಗಿದೆ. ಅದಿರಲಿ, ಯು ಲಾಕು ನಿಜಕ್ಕೂ ಗಟ್ಟಿಯೇ ಎಂದಿಟ್ಟುಕೊಳ್ಳೋಣ. ಅದನ್ನು ಯಾವುದಕ್ಕೆ ಹಾಕಬೇಕು? ನೆಲಕ್ಕೆ ಹೂತ ಕಬ್ಬಿಣವಿಲ್ಲದ ಕಡೆ ಸಾವಿರ ರೂಪಾಯಿಯ ಲಾಕೂ ನೂರು ರೂಪಾಯಿಯ ಲಾಕಿನಂತೆ ಸೈಕಲ್ಲನ್ನು ಸೈಕಲ್ಲಿಗೇ ಕಟ್ಟುತ್ತದೆ. ದುಡ್ಡಿನ ಲೆಕ್ಕವನ್ನೂ ಮರೆಯಬಾರದು. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಐದು ಸಾವಿರದ ಒಂದು ಸೈಕಲ್ಲೆಂದರೆ ಹದಿಮೂರು ಹದಿನಾಲ್ಕು ದಿನದ ದುಡಿಮೆ. ಅದನ್ನು ಕಾಯಲು ಇನ್ನೂ ಎರಡು ಮೂರು ದಿನದ ಕೂಲಿಯನ್ನು ಕೀಲಿಗೆ ಸುರಿ ಎಂದು ಹೇಳುವವರು, ಕಾರು ನಿಲ್ಲಿಸಲು ರಸ್ತೆಯ ಅಂಚನ್ನು ಪುಕ್ಕಟೆ ಬಳಸುವವರಿಗೆ ಇಂಥ ಸಲಹೆ ಕೊಟ್ಟದ್ದನ್ನು ನಾವು ಕೇಳಿಲ್ಲ.

ಜಾಗದ ಮಾತಿಗೆ ಬರೋಣ, ಏಕೆಂದರೆ ವಿಷಯದ ತಿರುಳು ಇಲ್ಲಿದೆ. ಜೇವರ್ಗಿಯಿಂದ ಬಳ್ಳಾರಿಯ ಕಡೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರಕ್ಕೆ ಪೋಣಿಸಿದೆ. ಇಕ್ಕೆಲದ ಹಳ್ಳಿಗಳಿಂದ, ಎಡದಂಡೆ ಕಾಲುವೆಯ ಕ್ಯಾಂಪುಗಳಿಂದ ಜನ ಸೈಕಲ್ ತುಳಿದುಕೊಂಡು ಕ್ರಾಸಿಗೆ ಬಂದು, ಅಲ್ಲಿ ಸೈಕಲ್ ಬಿಟ್ಟು ಬಸ್ಸು ಹತ್ತುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು, ರೈಸ್ ಮಿಲ್ಲಿಗೆ ಹಮಾಲಿಗೆ ಹೋಗುವವರು, ತಾಲ್ಲೂಕು ಕಚೇರಿಯ ಕೆಲಸಕ್ಕೆ ಅಲೆಯುವ ಮುದುಕರು, ಆಸ್ಪತ್ರೆಗೆ ಹೋಗುವ ಬಾಣಂತಿಯ ತಮ್ಮ, ಹೀಗೆ ಎಲ್ಲರ ಸೈಕಲ್ಲೂ ಬೆಳಗಿನಿಂದ ಸಂಜೆಯವರೆಗೆ ಬಯಲಲ್ಲಿ ನಿಲ್ಲುತ್ತದೆ. ಸೈಕಲ್ಲಿನ ಫ್ರೇಮನ್ನು ಚೈನು ಹಾಕಿ ಕಟ್ಟಿಹಾಕುವಂಥ ಒಂದು ಕಬ್ಬಿಣದ ಕಮಾನು ನಮ್ಮ ಊರುಗಳಲ್ಲಿ ಕಾಣಸಿಗುವುದು ಅಪರೂಪ. ಆದ್ದರಿಂದ ಜನ ಕರೆಂಟಿನ ಕಂಬಕ್ಕೆ, ಬೇವಿನ ಗಿಡಕ್ಕೆ, ಬ್ಯಾಂಕಿನ ಗ್ರಿಲ್ಲಿಗೆ ಕಟ್ಟುತ್ತಾರೆ, ಯಾರಾದರೂ ಬೈದರೆ ಬಿಚ್ಚುತ್ತಾರೆ. ಇಷ್ಟಾಗಿಯೂ ಕ್ರಾಸುಗಳಲ್ಲಿ ಅನೇಕ ಸೈಕಲ್ಲುಗಳು ಸುರಕ್ಷಿತವಾಗಿ ಉಳಿಯುತ್ತವೆಯಲ್ಲ, ಹೇಗೆ? ಚಹಾದ ಹೋಟೆಲಿನವರ, ಪಾನ್ ಡಬ್ಬಿಯವರ, ಪಂಚರ್ ಅಂಗಡಿಯವರ ಕಣ್ಣಳತೆಯಲ್ಲಿ ನಿಲ್ಲಿಸಿದ್ದರಿಂದ. ‘ಅಣ್ಣಾರ, ಸ್ವಲ್ಪ ನೋಡ್ರಿ’ ಎಂದು ಹೇಳಿ ಹೋದ ಒಂದು ಮಾತು ಲಾಕಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಣ್ಣಿದ್ದ ಕಡೆ ಸಡಿಲ ಕೀಲಿಯ ಸೈಕಲ್ಲೂ ಉಳಿಯುತ್ತದೆ, ಕಣ್ಣಿಲ್ಲದ ಕಡೆ ಗಟ್ಟಿ ಕೀಲಿಯದೂ ಹೋಗುತ್ತದೆ. ಆದರೆ ಆ ಅಣ್ಣನ ಮೇಲೆ ಯಾವ ಹೊಣೆಯೂ ಇಲ್ಲ, ಸಂತೆಯ ದಿನ ಗಿರಾಕಿ ಹೆಚ್ಚಾದರೆ ಅವನ ಕಣ್ಣು ಬೇರೆ ಕಡೆ ತಿರುಗಲೇಬೇಕು. ಒಬ್ಬ ಅಂಗಡಿಯವನ ಔದಾರ್ಯ ಪುಕ್ಕಟೆಯಾಗಿ ಮಾಡುತ್ತಿರುವ ಕೆಲಸವನ್ನು ಊರು ಹಣ ತೆತ್ತು, ಹೊಣೆ ಹೊತ್ತು ಮಾಡಬೇಕು ಎಂಬುದೇ ಇಲ್ಲಿಯ ಬೇಡಿಕೆ.

ಇದು ಎಲ್ಲೂ ಆಗದ ಹೊಸ ಕನಸಲ್ಲ. ನೆದರ್ಲೆಂಡ್ಸಿನ ಸೈಕಲ್ಲುಗಳಿಗೂ ನಮ್ಮಲ್ಲಿರುವಂತೆಯೇ ಹಿಂದಿನ ಗಾಲಿಯ ದುಂಡು ಲಾಕು ಇರುತ್ತದೆ. ಕಳ್ಳತನವೂ ಅಲ್ಲಿ ಧಾರಾಳ. ಆದರೆ ಆ ದೇಶ ಜನರಿಗೆ ಕೀಲಿಯ ಪಾಠ ಹೇಳಿ ಸುಮ್ಮನಾಗಲಿಲ್ಲ. ಉಟ್ರೆಕ್ಟ್ ನಗರದ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ಲುಗಳ ನಿಲುಗಡೆ 2019ರಲ್ಲಿ ಪೂರ್ತಿಯಾಗಿ ತೆರೆಯಿತು. ಮೊದಲ 24 ತಾಸಿಗೆ ಅಲ್ಲಿ ಬಾಡಿಗೆಯಿಲ್ಲ, ಸಿಬ್ಬಂದಿಯ ಕಾವಲಿದೆ. ಸಿಂಧನೂರಿನ ಬಸ್ ನಿಲ್ದಾಣಕ್ಕೆ ಹನ್ನೆರಡು ಸಾವಿರದ ಜಾಗ ಬೇಕಿಲ್ಲ. ಒಂದು ತಗಡಿನ ಮಾಡು, ಎರಡು ಸಾಲು ಕಮಾನು, ಒಂದು ದೀಪ, ಬೆಳಗಿನಿಂದ ಕೊನೆಯ ಬಸ್ಸಿನವರೆಗೆ ಒಬ್ಬ ಮನುಷ್ಯ ಸಾಕು.

ಇಷ್ಟೆಲ್ಲ ಒಂದು ಸೈಕಲ್ಲಿಗೇ? ಎಂಬ ಪ್ರಶ್ನೆ ಬರುತ್ತದೆ. ಸೈಕಲ್ ಕಳುವು ಸಣ್ಣ ಕಳುವು ಎಂಬ ಎಣಿಕೆ ಅದರಲ್ಲಿದೆ. ವಸ್ತುವಿನ ಬೆಲೆ ಸಣ್ಣದಾದರೆ ನಷ್ಟವೂ ಸಣ್ಣದು ಎಂಬ ಲೆಕ್ಕ ಹೊಟ್ಟೆ ತುಂಬಿದವರ ಲೆಕ್ಕ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಅದೇ ಹೊತ್ತಿಗೆ ಬಿಹಾರದಲ್ಲೂ ಹೈಸ್ಕೂಲು ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಬಿಹಾರದ ಯೋಜನೆಯನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಆ ವಯಸ್ಸಿನ ಹೆಣ್ಣುಮಕ್ಕಳ ಹೈಸ್ಕೂಲು ದಾಖಲಾತಿ ಶೇ 32ರಷ್ಟು ಹೆಚ್ಚಿತು, ಗಂಡು ಹೆಣ್ಣುಮಕ್ಕಳ ನಡುವಿನ ದಾಖಲಾತಿಯ ಅಂತರ ಶೇ 40ರಷ್ಟು ತಗ್ಗಿತು. ಹೆಚ್ಚಿನ ಲಾಭ ಕಂಡದ್ದು ಹೈಸ್ಕೂಲು ದೂರವಿದ್ದ ಹಳ್ಳಿಗಳಲ್ಲಿ. ಈ ಮಾತನ್ನು ತಿರುವಿ ಓದಬೇಕು. ಸೈಕಲ್ ಬಂದದ್ದರಿಂದ ಶಾಲೆಗೆ ಬಂದ ಹುಡುಗಿ, ಸೈಕಲ್ ಹೋದರೆ ಎಲ್ಲಿಗೆ ಹೋಗುತ್ತಾಳೆ? ಮುದಗಲ್ಲಿನ ಸುತ್ತಿನ ಹಳ್ಳಿಯಲ್ಲೋ, ಮಸ್ಕಿಯ ಹೊರಗಿನ ಒಂದು ತಾಂಡಾದಲ್ಲೋ, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಸೈಕಲ್ ಕಳೆದುಕೊಂಡ ಹುಡುಗಿಗೆ ಮನೆಯಲ್ಲಿ ಸಿಗುವ ಉತ್ತರ ಹೊಸ ಸೈಕಲ್ ಆಗಿರುವುದು ಕಷ್ಟ. ಹೊಲಕ್ಕೆ ಬಾ ಎಂಬ ಮಾತೇ ಹೆಚ್ಚು ಸಹಜ. ಕೋವಿಡ್ ಬಂದಾಗ, 2020-21ರಲ್ಲಿ, ಸರ್ಕಾರದ ಸೈಕಲ್ ವಿತರಣೆ ನಿಂತುಹೋಯಿತು. ಮನೆಯವರೇ ಕೂಡಿಟ್ಟು ಕೊಡಿಸಿದ ಸೈಕಲ್ಲಿನ ಬೆಲೆ ಅಲ್ಲಿಂದೀಚೆಗೆ ಇನ್ನೂ ಏರಿದೆ, ರೂಪಾಯಿಯಲ್ಲಿ ಅಳೆಯಲಾಗದ ರೀತಿಯಲ್ಲಿ.

ಈ ಸಣ್ಣ ಕಳುವೆಂಬ ಎಣಿಕೆಗೆ ಈಗ ಕಾನೂನಿನ ಮುದ್ರೆಯೂ ಬಿದ್ದಿದೆ. 2024ರ ಜುಲೈ 1ರವರೆಗೆ ಭಾರತೀಯ ದಂಡ ಸಂಹಿತೆಯ 379ನೇ ಕಲಮಿನಡಿ ಕಳ್ಳತನ, ವಸ್ತುವಿನ ಬೆಲೆ ಎಷ್ಟೇ ಇರಲಿ, ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧವಾಗಿತ್ತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ, ಅಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಹೇಳಿತ್ತು. ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಐದು ಸಾವಿರ ರೂಪಾಯಿಯ ಗೆರೆ ಎಳೆಯಿತು. ಅದಕ್ಕಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಶಿಕ್ಷೆಗೆ ಒಳಗಾದವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕು. ಇದರಲ್ಲಿ ತಕರಾರಿಲ್ಲ. ಹಸಿದ ಹುಡುಗನೊಬ್ಬನನ್ನು ಒಂದು ಸೈಕಲ್ಲಿಗಾಗಿ ಜೈಲಿಗೆ ಕಳಿಸುವುದು ಯಾರಿಗೂ ಒಳ್ಳೆಯದಲ್ಲ. ತಕರಾರಿರುವುದು ಅದರ ಬೆನ್ನಿಗೇ ಬಂದ ಇನ್ನೊಂದು ಬದಲಾವಣೆಯ ಬಗ್ಗೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ ಐದು ಸಾವಿರದ ಕೆಳಗಿನ ಕಳ್ಳತನವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಿತು. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎರಡು ವರ್ಷ ತುಳಿದ ಸಾದಾ ಸೈಕಲ್ಲೊಂದಕ್ಕೆ ಇಂದು ಐದು ಸಾವಿರದ ಬೆಲೆ ಬರುವುದಿಲ್ಲ. ಹೀಗಾಗಿ ಊರಿನಲ್ಲಿ ಹೆಚ್ಚು ಬಡವರು ಬಳಸುವ ವಾಹನವೇ, ಕಳುವಾದ ದಿನ ಪೊಲೀಸರು ತಾವಾಗಿ ಹುಡುಕಬೇಕಾದ ವಸ್ತುಗಳ ಪಟ್ಟಿಯಿಂದ ಹೊರಗೆ ಬಿತ್ತು. ಮೋಟಾರ್ ಸೈಕಲ್ ಕಳೆದವರಿಗೆ ಎಫ್‌ಐಆರ್ ಹಕ್ಕು, ಸೈಕಲ್ ಕಳೆದವರಿಗೆ ಕೋರ್ಟಿನ ಮೆಟ್ಟಿಲು. ಶಿಕ್ಷೆ ಹಗುರಾಗಲಿ, ಹುಡುಕಾಟ ಯಾಕೆ ಹಗುರಾಗಬೇಕು?

ಕಾನೂನು ನಮ್ಮ ಕೈಯಲ್ಲಿಲ್ಲ, ಅದು ದೆಹಲಿಯದು ಎನ್ನಬಹುದು. ಆದರೆ ಅದೇ ಕಾನೂನಿನೊಳಗೆ ನಮ್ಮ ಊರುಗಳು ಬಳಸಿಕೊಳ್ಳಬಹುದಾದ ಒಂದು ಬಾಗಿಲಿದೆ. ನ್ಯಾಯ ಸಂಹಿತೆಯ 305ನೇ ಕಲಮು, ಜನ ವಾಸಿಸುವ ಅಥವಾ ಸ್ವತ್ತನ್ನು ಕಾಪಾಡಲು ಬಳಸುವ ಕಟ್ಟಡದೊಳಗಿನ ಕಳ್ಳತನಕ್ಕೆ ಏಳು ವರ್ಷದವರೆಗಿನ ಶಿಕ್ಷೆ ಹೇಳುತ್ತದೆ. ಅಲ್ಲಿ ಐದು ಸಾವಿರದ ಗೆರೆ ಇಲ್ಲ, ಅದು ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ. ಸೈಕಲ್ ಕಾಪಾಡಲೆಂದೇ ಕಟ್ಟಿದ, ಗೋಡೆ ಮಾಡುಗಳಿರುವ ಒಂದು ನಿಲುಗಡೆ ಈ ವ್ಯಾಖ್ಯೆಯೊಳಗೆ ಬರುತ್ತದೆ ಎಂದು ವಾದಿಸಲು ಸಾಕಷ್ಟು ಆಧಾರವಿದೆ. ಬಯಲಲ್ಲಿ ನಿಂತ ಸೈಕಲ್ಲಿಗೆ ಸಿಗದ ಕಾನೂನಿನ ಬಲ ಸೂರಿನ ಕೆಳಗೆ ನಿಂತ ಸೈಕಲ್ಲಿಗೆ ಸಿಗಬಹುದು. ಇನ್ನು, ದುಡ್ಡು ಪಡೆದು ಚೀಟಿ ಕೊಡುವ ಸ್ಟ್ಯಾಂಡುಗಳಲ್ಲಿ ‘ಕಳುವಾದರೆ ನಾವು ಜವಾಬ್ದಾರರಲ್ಲ’ ಎಂಬ ಬೋರ್ಡು ಸಾಮಾನ್ಯ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮು, ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನು ತನ್ನ ಸ್ವಂತ ವಸ್ತುವನ್ನು ಒಬ್ಬ ಸಾಧಾರಣ ವಿವೇಕಿ ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಕಳುವಾದ ಕಾರೊಂದರ ಪ್ರಕರಣದಲ್ಲಿ, ಸಿಬ್ಬಂದಿಯ ಕೈಗೆ ಕಾರು ಒಪ್ಪಿಸಿದ ಮೇಲೆ ‘ಮಾಲೀಕರದೇ ಜವಾಬ್ದಾರಿ’ ಎಂಬ ಚೀಟಿಯ ಬಲದಿಂದ ತನ್ನ ಅಲಕ್ಷ್ಯದ ಹೊಣೆಯನ್ನು ಹೋಟೆಲು ಕಳಚಿಕೊಳ್ಳಲಾಗದು ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದು ಕೀಲಿಕೈ ಒಪ್ಪಿಸಿದ ಕಾರಿನ ಮಾತು, ಪ್ರತಿ ಸ್ಟ್ಯಾಂಡಿಗೂ ಹಾಗೆಯೇ ಅನ್ವಯಿಸದು ಎಂಬುದು ನಿಜ. ಆದರೆ ಟೋಕನ್ ಕೊಟ್ಟು, ಟೋಕನ್ ಮರಳಿ ಪಡೆದೇ ಸೈಕಲ್ ಬಿಡುವ ಸ್ಟ್ಯಾಂಡು ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡಿದೆ ಎನ್ನದೆ ಬೇರೆ ಏನೆನ್ನಬೇಕು? ನಗರಸಭೆಯಾಗಲಿ ಸಾರಿಗೆ ಸಂಸ್ಥೆಯಾಗಲಿ ಸ್ಟ್ಯಾಂಡಿನ ಟೆಂಡರ್ ಕರೆಯುವಾಗ ಆ ಬೋರ್ಡನ್ನು ನಿಷೇಧಿಸಿ, ಟೋಕನ್ನಿನ ಸೈಕಲ್ ಹೋದರೆ ಗುತ್ತಿಗೆದಾರನೇ ತುಂಬಿಕೊಡಬೇಕೆಂಬ ಒಂದು ಷರತ್ತು ಬರೆದರೆ, ಅದುವರೆಗೆ ಯಾರೂ ಕಾಯದ ಸ್ಟ್ಯಾಂಡಿಗೆ ತಾನಾಗಿ ಕಾವಲು ಬರುತ್ತದೆ.

ಈಗ ಸೈಕಲ್ ಹೊಡೆಯುವವರು ಯಾರಿದ್ದಾರೆ, ಎಲ್ಲರ ಮನೆಯಲ್ಲೂ ಬೈಕಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. 2011ರ ಜನಗಣತಿಯಲ್ಲಿ ದೇಶದ ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು, ಮೋಟಾರ್ ದ್ವಿಚಕ್ರ ಇದ್ದದ್ದು ಶೇ 21ರಷ್ಟರಲ್ಲಿ. ಆಮೇಲೆ ಬೈಕುಗಳು ಬಹಳ ಹೆಚ್ಚಿವೆ, ಒಪ್ಪಬೇಕಾದ ಮಾತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ದೇಶದ ಅರ್ಧದಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಇದಕ್ಕಿಂತ ಮುಖ್ಯವಾದದ್ದು, ಮನೆಯಲ್ಲಿ ಒಂದು ಬೈಕಿದ್ದರೆ ಅದನ್ನು ಯಾರು ಹೊಡೆಯುತ್ತಾರೆ ಎಂಬುದು. ಅದು ಮನೆಯ ದುಡಿಯುವ ಗಂಡಸಿನದು. ಹದಿನಾರರ ಹುಡುಗಿಗೆ, ಲೈಸೆನ್ಸಿಲ್ಲದ ಹುಡುಗನಿಗೆ, ಅರವತ್ತು ದಾಟಿದ ಅಜ್ಜನಿಗೆ, ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರಿಗೆ ಉಳಿದದ್ದು ಸೈಕಲ್ಲೇ. ನಿಲ್ಲಿಸಲು ಧೈರ್ಯವಿಲ್ಲದ್ದರಿಂದಲೇ ಪೇಟೆಗೆ ಸೈಕಲ್ ತರದವರನ್ನು ಲೆಕ್ಕ ಹಾಕದೆ, ಪೇಟೆಯಲ್ಲಿ ಸೈಕಲ್ ಕಡಿಮೆ ಕಾಣುತ್ತದೆ, ಆದ್ದರಿಂದ ನಿಲುಗಡೆ ಬೇಡ ಎನ್ನುವುದು ತಲೆಕೆಳಗಾದ ತರ್ಕ. ಸೇತುವೆ ಇಲ್ಲದ ಹಳ್ಳವನ್ನು ಯಾರೂ ದಾಟುತ್ತಿಲ್ಲ, ಹಾಗಾಗಿ ಸೇತುವೆ ಬೇಡ ಎಂದ ಹಾಗೆ.

ಸಿಸಿಟಿವಿ ಹಾಕಿದ್ದೇವಲ್ಲ ಎಂದು ಹೇಳುವವರಿಗೂ ಉತ್ತರ ಕೊಡಬೇಕು. ಕ್ಯಾಮೆರಾ ಒಂದು ಕರಿಯ ಸೈಕಲ್ ಹೋದದ್ದನ್ನು ತೋರಿಸುತ್ತದೆ. ಅದರ ಹಿಂದೆ ಮುಂದೆ ಅಂಥದೇ ನೂರು ಕರಿಯ ಸೈಕಲ್ಲುಗಳು ಹೋಗಿರುತ್ತವೆ. ಬೈಕಿಗಾದರೆ ನಂಬರ್ ಪ್ಲೇಟು, ಆರ್‌ಸಿ ಪುಸ್ತಕ, ಕಡ್ಡಾಯ ವಿಮೆ ಇವೆ, ಗುಜರಿಗೆ ಹೋದರೂ ಎಂಜಿನ್ನಿನ ಸಂಖ್ಯೆ ಉಳಿಯುತ್ತದೆ. ಸೈಕಲ್ಲಿಗೂ ಫ್ರೇಮಿನ ಮೇಲೆ, ಹೆಚ್ಚಾಗಿ ಪೆಡಲಿನ ಅಚ್ಚಿನ ಕೆಳಬದಿಗೆ ಅಥವಾ ಸೀಟಿನ ಕಂಬದ ಮೇಲೆ, ಕಂಪನಿ ಒತ್ತಿದ ಒಂದು ಸಂಖ್ಯೆ ಇರುತ್ತದೆ. ಕೊಂಡವರಿಗೆ ಅದು ಗೊತ್ತಿರುವುದಿಲ್ಲ, ಮಾರುವವರು ಬಿಲ್ಲಿನ ಮೇಲೆ ಬರೆದುಕೊಡುವುದಿಲ್ಲ. ತನ್ನ ಸೈಕಲ್ಲಿನ ಗುರುತು ಹೇಳೆಂದರೆ ಹುಡುಗಿ ಹ್ಯಾಂಡಲಿಗೆ ಕಟ್ಟಿದ ರಿಬ್ಬನ್ನಿನ ಬಣ್ಣ ಹೇಳುತ್ತಾಳೆ, ಕಳ್ಳ ಅದನ್ನೇ ಮೊದಲು ಕಿತ್ತೆಸೆದಿರುತ್ತಾನೆ. ಜಪಾನಿನಲ್ಲಿ 1994ರಿಂದ ಪ್ರತಿ ಸೈಕಲ್ಲಿಗೂ ಕಳ್ಳತನ ತಡೆಯ ನೋಂದಣಿ ಕಡ್ಡಾಯ. ಕೊಳ್ಳುವ ಅಂಗಡಿಯಲ್ಲೇ ಸಣ್ಣ ಶುಲ್ಕ ಕೊಟ್ಟು ಮಾಡಿಸುತ್ತಾರೆ, ಫ್ರೇಮಿಗೊಂದು ಚೀಟಿ ಅಂಟುತ್ತದೆ, ದಾರಿಯಲ್ಲಿ ತಡೆದ ಪೊಲೀಸರು ಸಂಖ್ಯೆ ನೋಡಿ ಒಡೆಯರು ಯಾರೆಂದು ಹೇಳಬಲ್ಲರು. ನಮ್ಮಲ್ಲೂ ಒಂದು ಕಾಲಕ್ಕೆ ಅನೇಕ ಊರುಗಳ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ತೆರಿಗೆ ಬೇಡ, ಬಿಲ್ಲೆ ಬೇಕು. ಶಾಲೆಗಳು ದಾಖಲಾತಿಯ ಹೊತ್ತಿಗೆ ಪ್ರತಿ ಮಗುವಿನ ಸೈಕಲ್ಲಿನ ಫ್ರೇಮ್ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಸೈಕಲ್ ಶಾಪುಗಳು ಬಿಲ್ಲಿನ ಮೇಲೆ ಅದನ್ನು ಬರೆಯುವಂತೆ ನಗರಸಭೆ ತನ್ನ ವ್ಯಾಪಾರ ಪರವಾನಗಿಯ ಜೊತೆಗೆ ಹೇಳಬಹುದು. ಹಳೆಯ ಸೈಕಲ್ ಕೊಳ್ಳುವ ಗುಜರಿಯವರೂ ಸಂಖ್ಯೆ ಬರೆದುಕೊಳ್ಳುವುದಾದರೆ ಕದ್ದ ಮಾಲು ಮಾರುವ ದಾರಿಯೇ ಕಿರಿದಾಗುತ್ತದೆ. ಕದ್ದದ್ದೆಂದು ಗೊತ್ತಿದ್ದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಮಿನಡಿ ಪ್ರತ್ಯೇಕ ಅಪರಾಧ, ಆದರೆ ಸಂಖ್ಯೆಯೇ ದಾಖಲಾಗದ ಕಡೆ ಗೊತ್ತಿತ್ತು ಎಂದು ಸಾಬೀತು ಮಾಡುವುದು ಹೇಗೆ?

ದುಡ್ಡಿಲ್ಲ ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಒಂದು ಕಮಾನು ಎಂ‌ದರೆ ಬಗ್ಗಿಸಿದ ಕಬ್ಬಿಣದ ಕೊಳವೆ, ಎರಡು ಗುಂಡಿ, ಕೆಲವು ಬಾಂಡ್ಲಿ ಕಾಂಕ್ರೀಟು. ಎರಡು ಬದಿಗೆ ಎರಡು ಸೈಕಲ್ಲು ನಿಲ್ಲುತ್ತವೆ. ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡಬಲ್ಲ ಕೆಲಸವಿದು, ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ. ಸಿಂಧನೂರಿಗೆ ನಗರಸಭೆಯಿದೆ, ಲಿಂಗಸುಗೂರು ಮಸ್ಕಿಗಳಿಗೆ ಪುರಸಭೆಗಳಿವೆ, ಇವೆಲ್ಲದರ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ಇತ್ತೀಚಿನ ಬಜೆಟ್ಟುಗಳಲ್ಲಿ ಆ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಸಮುದಾಯ ಭವನಕ್ಕೆ, ಸ್ವಾಗತ ಕಮಾನಿಗೆ, ರಸ್ತೆ ನಡುವಿನ ಅಲಂಕಾರದ ದೀಪಕ್ಕೆ ಹಣ ಹುಟ್ಟುವಾಗ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಮುಂದೆ ನಾಲ್ಕು ಕೊಳವೆ ನೆಡಲು ಹುಟ್ಟುವುದಿಲ್ಲ ಎಂದರೆ ಕೊರತೆ ಇರುವುದು ಹಣದ್ದಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ನಡೆಯುವವರಿಗೂ ಸೈಕಲ್ಲಿನವರಿಗೂ ಆದ್ಯತೆ ಕೊಡಬೇಕೆಂದು ಹೇಳಿ ಎಷ್ಟೋ ವರ್ಷಗಳಾದವು. ಬೇಡಿಕೆ ಇಡುವವರ ಹತ್ತಿರ ದನಿ ಇಲ್ಲ, ಬೇಡಿಕೆ ಕೇಳಬೇಕಾದವರು ಸೈಕಲ್ ಬಿಟ್ಟು ಬಹಳ ಕಾಲವಾಯಿತು, ಇದೇ ನಿಜವಾದ ಕಾರಣ.

ಊರೇ ಕಾಯುತ್ತದೆ ಎಂದರೆ ಜನ ಕೀಲಿ ಹಾಕುವುದನ್ನೇ ಬಿಡುತ್ತಾರೆ ಎಂಬ ಆತಂಕಕ್ಕೆ ಅರ್ಥವಿಲ್ಲ. ಎರಡು ವಾರದ ದುಡಿಮೆ ಸುರಿದು ಕೊಂಡ ವಸ್ತುವಿನ ಬಗ್ಗೆ ಯಾರೂ ಹಗುರವಾಗಿರುವುದಿಲ್ಲ. ಕೀಲಿ ಹಾಕಲಿ, ಹಾಕಲೇಬೇಕು. ದಾರಿಹೋಕನೊಬ್ಬ ಸುಮ್ಮನೆ ಹತ್ತಿ ಹೋಗುವುದನ್ನು ಅದು ತಡೆಯುತ್ತದೆ, ಅದರ ಮಟ್ಟಿಗೆ ಅದು ಉಪಯೋಗದ್ದೇ. ತಪ್ಪಾಗುವುದು ಆ ಸಣ್ಣ ಉಪಯೋಗವನ್ನು ಇಡೀ ರಕ್ಷಣೆ ಎಂದು ಬಿಂಬಿಸಿದಾಗ, ಮತ್ತು ಅದು ಸೋತಾಗ ಸೋಲನ್ನು ಹುಡುಗಿಯ ಅಜಾಗ್ರತೆಯ ಲೆಕ್ಕಕ್ಕೆ ಬರೆದಾಗ. ಇಂಥ ಕಳುವು ನಮ್ಮೂರಲ್ಲಿ ಎಷ್ಟಾಗುತ್ತದೆ ಮಹಾ, ಅಂಕಿ ಅಂಶ ಎಲ್ಲಿವೆ ಎಂದು ನಾಳೆ ಯಾರಾದರೂ ಕೇಳುತ್ತಾರೆ. ಅಪರಾಧಗಳ ಅಂಕಿಗಳಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಎಫ್‌ಐಆರ್ ಆದ ಪ್ರಕರಣಗಳು. ಐದು ಸಾವಿರದ ಕೆಳಗಿನ ಕಳುವಿಗೆ ಎಫ್‌ಐಆರ್ ಇಲ್ಲವಾದ ಮೇಲೆ ಸೈಕಲ್ ಕಳ್ಳತನ ಕಾಗದದ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ, ಕಡಿಮೆಯಾಗಿದೆ ಎಂಬುದೇ ನಿಲುಗಡೆ ಕಟ್ಟದಿರಲು ಪುರಾವೆಯಾಗುತ್ತದೆ. ಇದನ್ನು ಮುರಿಯುವ ಒಂದು ಸಾಧನ ಸುರಕ್ಷಾ ಸಂಹಿತೆಯ 174ನೇ ಕಲಮಿನಲ್ಲಿದೆ. ಅಸಂಜ್ಞೇಯ ಅಪರಾಧದ ಮಾಹಿತಿ ಬಂದರೂ ಠಾಣಾಧಿಕಾರಿ ಅದರ ಸಾರಾಂಶವನ್ನು ಪುಸ್ತಕದಲ್ಲಿ ಬರೆಯಲೇಬೇಕು, ಅಂಥ ಪ್ರಕರಣಗಳ ದಿನಚರಿ ವರದಿಯನ್ನು ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಕಳಿಸಲೇಬೇಕು. ಸೈಕಲ್ ಕಳೆದುಕೊಂಡ ಪ್ರತಿಯೊಬ್ಬರೂ, ಶಾಲೆಯ ಮಕ್ಕಳ ಪರವಾಗಿ ಮುಖ್ಯೋಪಾಧ್ಯಾಯರು, ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಪುಸ್ತಕದಲ್ಲಿ ಎಷ್ಟು ಸೈಕಲ್ಲುಗಳಿವೆ, ಯಾವ ಜಾಗದಿಂದ ಹೋದವು ಎಂಬ ಲೆಕ್ಕವನ್ನು ನಗರಸಭೆ, ಪುರಸಭೆಗಳ ಸದಸ್ಯರು ಸಾಮಾನ್ಯ ಸಭೆಯಲ್ಲಿ ಕೇಳಿ ಪಡೆಯಬೇಕು. ಹೆಚ್ಚು ಸೈಕಲ್ ಹೋದ ಜಾಗ ಯಾವುದೋ ಮೊದಲ ಕಮಾನು ಅಲ್ಲಿ ನೆಡಬೇಕು, ಮೊದಲ ದೀಪ ಅಲ್ಲಿ ಉರಿಯಬೇಕು.